ಈ ವಾರದ ಚರ್ಚೆಗೆ: ತುನ್ ಡಾ. ಇಸ್ಮಾಯಿಲ್

ಎಲ್ಲರಿಗೂ ನಮಸ್ಕಾರ. ಶನಿವಾರದ ಮಾತುಕತೆಗೆ ಮಲೇಷ್ಯಾದ ಡಾ. ಇಸ್ಮಾಯಿಲ್ ಅಬ್ದುಲ್ ರಹಮಾನ್ ಅವರನ್ನು ಆರಿಸಿದ್ದೇವೆ. ಕ್ವಾಲಾಲಂಪುರ ನೋಡಿದವರಿಗೆ ಟಿಟಿಡಿಐ (ತಮಾನ್ ತುನ್ ಡಾ. ಇಸ್ಮಾಯಿಲ್) ಬಡಾವಣೆ ಗೊತ್ತಿರಬಹುದು; ‘ತುನ್’ ಅಲ್ಲಿನ ಗೌರವ ಬಿರುದು. ಅದು ಇವರದೇ ಹೆಸರು.

ಹುಟ್ಟಿದ್ದು 1915ರಲ್ಲಿ, ಜೊಹೋರ್ ಬಾರುವಿನಲ್ಲಿ. ಮೆಲ್ಬರ್ನ್‌ನಲ್ಲಿ ಡಾಕ್ಟರಿಕೆ ಓದಿ, ಊರಿಗೆ ಬಂದು ಕ್ಲಿನಿಕ್ ತೆರೆದರು. ಆಮೇಲೆ ರಾಜಕೀಯ. 1957ರಲ್ಲಿ ಮಲಯ (ಮಲೇಷ್ಯಾದ ಹಿಂದಿನ ರೂಪ) ಸ್ವತಂತ್ರವಾದಾಗ ಅಮೆರಿಕಕ್ಕೆ ಮೊದಲ ರಾಯಭಾರಿ, ಜೊತೆಗೆ ವಿಶ್ವಸಂಸ್ಥೆಯಲ್ಲಿ ದೇಶದ ಪ್ರತಿನಿಧಿ. ಒಬ್ಬರಿಗೇ ಎರಡು ಕೆಲಸ!

ನನಗೆ ಜಾಸ್ತಿ ಹಿಡಿಸಿದ್ದು ಮುಂದಿನ ಭಾಗ. ದೇಶಕ್ಕೆ ಮರಳಿ ಮಂತ್ರಿಯಾಗಿದ್ದವರು ಆರೋಗ್ಯ ಕೆಟ್ಟು 1967ರಲ್ಲಿ ಮಂತ್ರಿಗಿರಿ ಬಿಟ್ಟರು. ಆದರೂ ಸುಮ್ನೆ ಕೂರಲಿಲ್ಲ. ಆಗ್ನೇಯ ಏಷ್ಯಾ ಯಾವ ದೊಡ್ಡ ಶಕ್ತಿಯ ಪಕ್ಷಕ್ಕೂ ಸೇರದೆ ತಟಸ್ಥವಾಗಿರಲಿ ಎಂದು 1968ರಲ್ಲಿ ಸಂಸತ್ತಿನಲ್ಲಿ ವಾದಿಸಿದರು. 1969ರ ಮೇ 13ರಂದು ಕ್ವಾಲಾಲಂಪುರದಲ್ಲಿ ಮಲಯರು ಮತ್ತು ಚೀನೀಯರ ನಡುವೆ ಗಲಭೆಯಾದಾಗ ಮತ್ತೆ ಗೃಹಖಾತೆ ಹೊತ್ತರು. ಮರುವರ್ಷ ಉಪಪ್ರಧಾನಿ. ತಮ್ಮ ಕಾಯಿಲೆಯ ಅಂದಾಜು ಸ್ವತಃ ಡಾಕ್ಟರಾದ ಇವರಿಗೆ ಇಲ್ಲದಿರುತ್ತದೆಯೇ? ಆದರೂ ಒಪ್ಪಿಕೊಂಡರು, ಅಲ್ವಾ?

1973ರ ಆಗಸ್ಟ್ 2ರಂದು ಹೃದಯಾಘಾತದಿಂದ ತೀರಿಕೊಂಡರು. ಪ್ರಧಾನಿ ರಜಾಕ್ ಆಗ ಕೆನಡಾದಲ್ಲಿದ್ದರು, ದೇಶದ ಹೊಣೆ ಇವರ ಮೇಲಿತ್ತು. ವಯಸ್ಸು 57.

ಶನಿವಾರ ಸಂಜೆ 6ಕ್ಕೆ ಸೇರೋಣ. ಬರುವವರು ಇಲ್ಲೇ ಒಂದು ಸಾಲು ಬರೆಯಿರಿ. ಗುಡ್ ಮಾರ್ನಿಂಗ್ ಚಿತ್ರಗಳು ದಯವಿಟ್ಟು ಬೇಡ.