ಚಟ್ನಿಪುಡಿ, ಹಪ್ಪಳದ ಉಪ್ಪು ಕಡಿಮೆ ಮಾಡಿದ್ದು ಯಾಕೆ? ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ಉಗಾದಿ ಕಳೆದ ಮೇಲೆ ನಮ್ಮ ಚಟ್ನಿಪುಡಿ, ಹಲಸಿನ ಹಪ್ಪಳ ಕೊಂಡವರಿಗೆ ಉಪ್ಪು ಕಡಿಮೆ ಅನ್ನಿಸಿದೆ. ಅದು ಕೈತಪ್ಪಿ ಆದದ್ದಲ್ಲ, ನಾವೇ ಕಡಿಮೆ ಮಾಡಿದ್ದು. ಮೊದಲೇ ಹೇಳಬೇಕಿತ್ತು. ಪ್ಯಾಕೆಟ್ ಮೇಲೆ ಒಂದು ಚೀಟಿ ಅಂಟಿಸಿದ್ದರೂ ಸಾಕಿತ್ತು. ಕ್ಷಮಿಸಿ.

ಆದರೆ ಒಂದು ಮಾತು ಮನಸ್ಸಿಗೆ ನಾಟಿದೆ. "ಉಪ್ಪಿನಲ್ಲೂ ದುಡ್ಡು ಉಳಿಸಲು ಹೊರಟಿರಾ?" ಅಂಗಡಿಯಲ್ಲಿ ಕೇಳಿದರು, ಫೋನಿನಲ್ಲಿ ಕೇಳಿದರು, ವಾಟ್ಸಾಪಿನಲ್ಲೂ ಬರೆದರು. ಹಾಗಾಗಿ ಲೆಕ್ಕವನ್ನೇ ಮುಂದಿಡುತ್ತೇವೆ. ಕಿಲೋ ಚಟ್ನಿಪುಡಿಗೆ ಮೊದಲು 80 ಗ್ರಾಂ ಉಪ್ಪು ಹಾಕುತ್ತಿದ್ದೆವು, ಈಗ 55. ಉಳಿದದ್ದು 25 ಗ್ರಾಂ. ನಾವು ಕೊಳ್ಳುವ ಉಪ್ಪಿನ ಬೆಲೆ ಕಿಲೋಗೆ 25 ರೂಪಾಯಿ. ಅಂದರೆ ಉಳಿತಾಯ 60 ಪೈಸೆ ಚಿಲ್ಲರೆ! ಆದರೆ ತೂಕ ಕಿಲೋ ಆಗಲೇಬೇಕು ಅಲ್ವಾ? ಆ 25 ಗ್ರಾಂ ಜಾಗಕ್ಕೆ ಕೊಬ್ಬರಿ, ಕಡಲೆಬೇಳೆ, ಬ್ಯಾಡಗಿ ಮೆಣಸಿನಕಾಯಿ ಬೀಳುತ್ತವೆ. ಅದಕ್ಕೆ ನಮಗೆ 6 ರೂಪಾಯಿಗಿಂತ ಜಾಸ್ತಿ ಖರ್ಚು. ನಮ್ಮ ಅಡುಗೆಮನೆಯಲ್ಲಿ ಉಪ್ಪಿಗಿಂತ ಅಗ್ಗದ ಸಾಮಾನು ಇನ್ನೊಂದಿಲ್ಲ. ಉಪ್ಪು ಜಾಸ್ತಿ ಹಾಕಿದಷ್ಟೂ ಲಾಭ ಮಾರುವವರಿಗೇ. ಈ ಹೆಚ್ಚಿನ ಖರ್ಚಿಗೆ ನಾವು ಒಂದು ರೂಪಾಯಿ ಬೆಲೆ ಏರಿಸಿಲ್ಲ. ಅದಕ್ಕೂ ಮುಂಚೆ ಬೆಲೆ ಏರಿದ್ದು ಕೊಬ್ಬರಿಯಿಂದ. ತಿಪಟೂರಿನ ದರ ಎಲ್ಲಿಗೆ ಹೋಯಿತು ಅಂತ ನೀವೂ ನೋಡಿದ್ದೀರಿ.

ಹಾಗಾದರೆ ಯಾಕೆ ಮಾಡಿದಿರಿ? ನೀವೇ ಕೇಳಿದ್ದಕ್ಕೆ. "ಬಿಪಿ ಬಂದಿದೆ, ಇನ್ನು ಮೇಲೆ ನಿಮ್ಮ ಪುಡಿ ಬಿಡಬೇಕಂತೆ" ಎಂದು ಹೇಳಿ ಹೋದವರು ಒಬ್ಬಿಬ್ಬರಲ್ಲ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ. ಸಾರು, ಪಲ್ಯ, ಮಜ್ಜಿಗೆ ಎಲ್ಲ ಸೇರಿ ಅಷ್ಟೇ. ದೋಸೆ ಜೊತೆ 10 ಗ್ರಾಂ ಪುಡಿ ತಿಂದರೆ ಮೊದಲು 0.8 ಗ್ರಾಂ ಉಪ್ಪು ಹೋಗುತ್ತಿತ್ತು. ಈಗ ಸುಮಾರು ಅರ್ಧ ಗ್ರಾಂ. ಲೇಬಲ್ ಮೇಲೆ ಸೋಡಿಯಂ ಎಂದು ಇರುತ್ತದೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. ಬೇರೆಯವರ ಪ್ಯಾಕೆಟ್‌ಗಳನ್ನೂ ಹೀಗೇ ನೋಡಿ.

ಪೊಟ್ಯಾಸಿಯಂ ಬೆರೆಸಿದ ಉಪ್ಪು ಹಾಕಿ ಎಂದು ಕೆಲವರು ಹೇಳಿದರು. ಕಿಡ್ನಿ ತೊಂದರೆ ಇದ್ದವರಿಗೆ ಅದು ಅಪಾಯ. ಯಾರ ಮನೆಗೆ ಯಾವ ಡಬ್ಬಿ ಹೋಗುತ್ತದೋ ನಮಗೆ ತಿಳಿಯದು. ಹಾಕಲಿಲ್ಲ.

ಮಜ್ಜಿಗೆ ಮೆಣಸಿನಲ್ಲಿ ಮಾತ್ರ ನಾವು ಸೋತೆವು. ಉಪ್ಪು ಇಳಿಸಿದ ಮೊದಲ ಸಲ ಮಳೆ ಹಿಡಿಯುತ್ತಲೇ ಬೂಸ್ಟು ಬಂತು. ತಂದವರಿಗೆಲ್ಲ ದುಡ್ಡು ವಾಪಸ್ ಕೊಟ್ಟಿದ್ದೇವೆ. ಇನ್ನೂ ಯಾರ ಮನೆಯಲ್ಲಾದರೂ ಇದ್ದರೆ ಒಣಗಿಸಿ ಕರಿಯಬೇಡಿ, ದಯವಿಟ್ಟು ತನ್ನಿ. ಅದಕ್ಕೀಗ ಹಳೇ ಅಳತೆಯೇ. ಅಪ್ಪೆಮಿಡಿ ಉಪ್ಪಿನಕಾಯಿಯನ್ನಂತೂ ಮುಟ್ಟಿಯೇ ಇಲ್ಲ. ಕಲ್ಲುಪ್ಪಿನಲ್ಲಿ ಮಿಡಿ ನೀರು ಬಿಟ್ಟು ಸುಕ್ಕಾಗಬೇಕು, ಆ ಉಪ್ಪುನೀರೇ ಅದನ್ನು ವರ್ಷಗಟ್ಟಲೆ ಕಾಯುವುದು. ಅಲ್ಲಿ ಉಪ್ಪು ಇಳಿಸಿದರೆ ಮಿಡಿಯೇ ಉಳಿಯುವುದಿಲ್ಲ. ಬಿಪಿ ಇದ್ದವರು ಅರ್ಧ ಮಿಡಿ ತಿನ್ನಿ.

ಹಪ್ಪಳ ಸಪ್ಪೆ ಎಂದವರಿಗೆ ಒಂದು ಮಾತು. ಹಸಿ ಹಿಟ್ಟಿನಲ್ಲಿ ಹದವಾಗಿದ್ದ ಉಪ್ಪು ಒಣಗಿದ ಮೇಲೆ ಮುಂದಾಗುತ್ತದೆ. ಅದಕ್ಕೇ ಹಿಟ್ಟು ಕಲಸುವಾಗ ಕೈ ಹಿಡಿದು ಹಾಕಬೇಕು. ನಮ್ಮಲ್ಲಿ ಹಿಟ್ಟಿನ ರುಚಿ ನೋಡುವವರು ಬದಲಾಗಿಲ್ಲ, ಅದೇ ಕೈ, ಅದೇ ನಾಲಿಗೆ. ಊಟದ ಎಲೆಗೆ ಮೊದಲು ಬಡಿಸುವುದೇ ಉಪ್ಪು, ಬೇಕಾದವರು ಬೇಕಾದಷ್ಟು ಕಲಸಿಕೊಳ್ಳಲಿ ಅಂತ. ಪುಡಿಗೂ ಹಾಗೇ ಮಾಡಿಕೊಳ್ಳಬಹುದು. ಜಾಸ್ತಿಯಾದ ಉಪ್ಪನ್ನು ತೆಗೆಯುವುದು ಮಾತ್ರ ಯಾರಿಂದಲೂ ಆಗದು.

ಇಷ್ಟಾಗಿಯೂ ಹಳೇ ಹದದ ಚಟ್ನಿಪುಡಿಯೇ ಬೇಕು ಎನ್ನುವವರು ಒಂದು ವಾರ ಮೊದಲು ಹೇಳಿ. ಅರ್ಧ ಕಿಲೋ ಆದರೂ ಸರಿ, ನಿಮಗಾಗಿ ಬೇರೆ ಮಾಡಿಕೊಡುತ್ತೇವೆ.

ನಿಮ್ಮ,
ಸಂಘದ ಅಡುಗೆಮನೆಯವರು