ಗೀಳು ಬಿಡೋಕೆ ಹೊರಟವರಿಗೆ ಬೈಗುಳ ಬೇಡ, ನಿದ್ದೆ ಬೇಕು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೇಲಿ ಯುವಕರು ಮೊಬೈಲ್‌ನಲ್ಲಿ ಅಶ್ಲೀಲ ವಿಡಿಯೋ ನೋಡಿ ಹಾಳಾಗ್ತಿದಾರೆ ಅಂತ ಒಂದು ಲೇಖನ ಬಂದಿತ್ತು. ಓದಿ ಎರಡು ದಿನ ಸುಮ್ನಿದ್ದೆ, ಆಮೇಲೆ ಬರೀಲೇಬೇಕು ಅನ್ನಿಸ್ತು. ಅದ್ರಲ್ಲಿ ಸಂಸ್ಕಾರ, ಸಂಯಮ, ಮನೋಬಲ ಎಲ್ಲಾ ಇತ್ತು, ಆದ್ರೆ ಇದ್ರಿಂದ ಹೊರಗೆ ಬರೋಕೆ ಒದ್ದಾಡ್ತಿರೋ ಮನುಷ್ಯ ನಾಳೆ ಬೆಳಿಗ್ಗೆ ಎದ್ದು ಏನು ಮಾಡ್ಬೇಕು ಅಂತ ಒಂದು ಸಾಲೂ ಇರ್ಲಿಲ್ಲ. ನಾನು ಅಂಥ ಮನುಷ್ಯ. ವಯಸ್ಸು 36, ವಿಜಯನಗರದಲ್ಲಿ ಮನೆ, ವೈಟ್‌ಫೀಲ್ಡ್ ಕಡೆ ಒಂದು ಕಂಪನೀಲಿ ಅಕೌಂಟ್ಸ್ ಕೆಲಸ.

ಕಾಲೇಜು ದಿನಗಳಿಂದ್ಲೂ ಅಲ್ಲೊಂದು ಇಲ್ಲೊಂದು ನೋಡ್ತಿದ್ದೆ, ಅದೇನು ದೊಡ್ಡದಾಗಿರ್ಲಿಲ್ಲ. 2016ರಲ್ಲಿ ಡೇಟಾ ಅಗ್ಗ ಆಯ್ತು, 2020ರಲ್ಲಿ ಲಾಕ್‌ಡೌನ್ ಬಂತು, ಮನೆಯಿಂದ್ಲೇ ಕೆಲಸ, ಮುಂದಿನ ವರ್ಷ ನಮ್ಮನೆಯವಳು ಹೆರಿಗೆಗೆ ಹಾಸನದ ತವರಿಗೆ ಹೋದ್ಲು, ಬಾಣಂತನ ಮುಗಿಸ್ಕೊಂಡು ಬರೋಕೆ ಏಳು ತಿಂಗಳಾಯ್ತು, ಅಷ್ಟರಲ್ಲಿ ನನ್ನ ರಾತ್ರಿಗಳೆಲ್ಲಾ ಕೆಟ್ಟುಹೋಗಿದ್ವು. ಹನ್ನೊಂದಕ್ಕೆ ಪಾರ್ಸೆಲ್ ಊಟ, ಹನ್ನೆರಡಕ್ಕೆ ಹಾಸಿಗೆ, ಕೈಯಲ್ಲಿ ಫೋನು, ಕಣ್ಣು ಬಿಟ್ಟು ನೋಡಿದ್ರೆ ಮೂರೂವರೆ. ಬೆಳಿಗ್ಗೆ ಜಿಎಸ್‌ಟಿ ರಿಟರ್ನ್ ಫೈಲ್ ಮಾಡುವಾಗ ಒಂದೇ ಇನ್‌ವಾಯ್ಸ್ ಎರಡು ಸಲ ಹಾಕಿದ್ದೆ. ಮಗು ಮನೆಗೆ ಬಂದ ಮೇಲೂ ಇದು ನಿಲ್ಲಲಿಲ್ಲ, ಮಗು ಅಳೋ ಸದ್ದಿಗೆ ಎದ್ದವನು ಮತ್ತೆ ಮಲಗದೆ ಬಾತ್‌ರೂಮಿಗೆ ಫೋನ್ ತಗೊಂಡು ಹೋಗ್ತಿದ್ದೆ. ಇದನ್ನ ಬರೀವಾಗ ಈಗ್ಲೂ ಹೊಟ್ಟೆ ಕಿವುಚುತ್ತೆ.

ಬಿಡ್ಬೇಕು ಅಂತ ಹೊರಟಾಗ ನಾನು ಮಾಡಿದ ಮೊದಲ ತಪ್ಪು ಏನಂದ್ರೆ ಅದನ್ನ ಒಂದು ಕಠಿಣ ವ್ರತದ ಥರ ಹಿಡಿದಿದ್ದು. ಬೆಳಿಗ್ಗೆ ನಾಲ್ಕಕ್ಕೆ ಏಳೋದು, ತಣ್ಣೀರ ಸ್ನಾನ, ರಾತ್ರಿ ಊಟ ಬಂದ್, ಈರುಳ್ಳಿ ಬೆಳ್ಳುಳ್ಳಿ ಬಂದ್, ಹೆಂಡತಿ ಹತ್ರ ಮಾತೂ ಕಮ್ಮಿ, ಕ್ಯಾಲೆಂಡರಲ್ಲಿ ದಿನಾ ಒಂದು ಕೆಂಪು ಗೀಟು. ಹದಿನೆಂಟನೇ ದಿನ ಹಸಿವು, ನಿದ್ದೆಗೇಡು, ಮ್ಯಾನೇಜರ್ ಬೈಗುಳ ಎಲ್ಲಾ ಒಟ್ಟಿಗೆ ಸೇರಿ ಬಿದ್ದೆ, ಬಿದ್ದಿದ್ದು ಒಂದು ದಿನಕ್ಕಲ್ಲ, ಹೆಂಗೂ ಗೀಟು ಹೋಯ್ತಲ್ಲ ಅಂತ ಪೂರ್ತಿ ಒಂದು ವಾರ. ಎರಡನೇ ತಪ್ಪು, ಗೋಡೆ ಮೇಲಿನ ಪೋಸ್ಟರ್ ನೋಡಿ ಮೆಜೆಸ್ಟಿಕ್ ಹತ್ರ ಒಂದು ಕ್ಲಿನಿಕ್ಕಿಗೆ ಹೋಗಿದ್ದು. ನನ್ನ ಮಾತು ಪೂರ್ತಿ ಕೇಳೋಕೆ ಮುಂಚೆನೇ ನರ ದೌರ್ಬಲ್ಯ ಅಂದ್ರು, ಪುಡಿ ಮಾತ್ರೆ ಅಂತ ಎಂಟು ಸಾವಿರ ತಗೊಂಡ್ರು. ಏನೂ ಆಗ್ಲಿಲ್ಲ. ನಾಚಿಕೆ ಪಟ್ಕೊಂಡು ಬಂದವನ ಹತ್ರ ಹಿಂಗೆ ದುಡ್ಡು ಕೀಳೋದು ಮಹಾ ಪಾಪ ಸರ್.

ಕೊನೆಗೆ ಒಂದು ರಾತ್ರಿ ನಮ್ಮನೆಯವಳೇ "ಯಾಕ್ರೀ, ಮೈ ಹುಷಾರಿಲ್ವಾ, ನನ್ ಹತ್ರನಾದ್ರೂ ಹೇಳ್ಬಾರ್ದಾ" ಅಂದ್ಲು. ಹೇಳಿಬಿಟ್ಟೆ. ಅತ್ತಳು, ಎರಡು ದಿನ ಮಾತಾಡ್ಲಿಲ್ಲ, ಮೂರನೇ ದಿನ ಅವಳೇ 14416ಕ್ಕೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಲು. ಇದು ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು, ಹಗಲು ರಾತ್ರಿ ಇರುತ್ತೆ. ಅಲ್ಲಿಂದ ಒಬ್ಬ ಕೌನ್ಸೆಲರ್ ಮೇಡಂ ಹತ್ರ ಹೋದೆ. ನಮ್ಮ ನಿಮ್ಹಾನ್ಸ್‌ನವರು 2014ರಲ್ಲೇ ಮೊಬೈಲು ಇಂಟರ್ನೆಟ್ಟು ಅತಿ ಬಳಸೋರಿಗೆ ಅಂತ ಶಟ್ ಕ್ಲಿನಿಕ್ ಶುರು ಮಾಡಿದ್ರಂತೆ, ಇಷ್ಟು ವರ್ಷ ಇದೇ ಊರಲ್ಲಿದ್ದೂ ನಂಗೆ ಗೊತ್ತಿರ್ಲಿಲ್ಲ.

ಮೇಡಂ ಹೇಳಿದ ಒಂದು ವಿಷ್ಯ ನಿಮ್ಮ ಓದುಗರಿಗೂ ಗೊತ್ತಾಗ್ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ, ಐಸಿಡಿ-11 ಅಂತ, 2022ರ ಜನವರಿಯಿಂದ ಜಾರೀಲಿದೆ. ಅದ್ರಲ್ಲಿ ಲೈಂಗಿಕ ಆಸೆಯನ್ನ ತಡ್ಕೊಳ್ಳೋಕೆ ಆಗದೆ ಆರು ತಿಂಗಳೋ ಅದಕ್ಕೂ ಹೆಚ್ಚೋ ಬದುಕೇ ಕೆಡೋ ಹಂಗಾದ್ರೆ ಅದನ್ನ ಒಂದು ಸಮಸ್ಯೆ ಅಂತ ಸೇರಿಸಿದಾರೆ. ಆದ್ರೆ ಬರೀ ತಪ್ಪು ಮಾಡಿದೆ ಅನ್ನೋ ಪಾಪಪ್ರಜ್ಞೆ ಮಾತ್ರ ಇದ್ರೆ ಅದು ಕಾಯಿಲೆ ಅಲ್ಲ ಅಂತಾನೂ ಸ್ಪಷ್ಟವಾಗಿದೆ. ನಂಗೆ ಎರಡೂ ಇತ್ತು. ಎರಡನ್ನೂ ಬೇರೆ ಬೇರೆ ಮಾಡಿ ನೋಡಿದ ದಿನ ತಲೆ ಮೇಲಿನ ಮೂಟೆ ಅರ್ಧ ಇಳಿದಂಗಾಯ್ತು.

ಆಮೇಲೆ ಮೇಡಂ ಕೇಳಿದ್ದು ವಿಡಿಯೋ ಬಗ್ಗೆ ಅಲ್ಲವೇ ಅಲ್ಲ. ರಾತ್ರಿ ಎಷ್ಟೊತ್ತಿಗೆ ಉಣ್ತೀರಾ, ಎಷ್ಟೊತ್ತಿಗೆ ಮಲಗ್ತೀರಾ, ವಾರದಲ್ಲಿ ಎಷ್ಟು ಸಲ ನಗ್ತೀರಾ, ಸ್ನೇಹಿತರು ಯಾರಿದಾರೆ. ನಂಗೆ ಉತ್ತರ ಇರ್ಲಿಲ್ಲ. ನನ್ನ ಆಸೆ ಕೆರಳ್ತಿದ್ದುದು ಯಾವಾಗ ಅಂತ ಹದಿನೈದು ದಿನ ಒಂದು ಡೈರೀಲಿ ಬರೀರಿ ಅಂದ್ರು. ಬರೆದು ನೋಡಿದ್ರೆ ಹೆಚ್ಚು ಕಮ್ಮಿ ಪ್ರತಿ ಸಲಾನೂ ಸುಸ್ತು, ಒಂಟಿತನ, ಇಲ್ಲಾ ಆಫೀಸಿನ ಸಿಟ್ಟು, ಟೈಮು ರಾತ್ರಿ ಹನ್ನೊಂದರ ಮೇಲೆ. ನನ್ನ ಶತ್ರು ಅಂತ ನಾನು ಬಯ್ಕೋತಿದ್ದ ಆ ಆಸೆ ನಿಜಕ್ಕೂ ಸುಸ್ತಾದ ದೇಹ ನಿದ್ದೆ ಕೇಳ್ತಿದ್ದುದು.

ಅದಕ್ಕೇ ಈಗ ನಮ್ಮನೇಲಿ ಎಂಟೂವರೆಗೆ ಊಟ. ಮುದ್ದೆ ಸೊಪ್ಪಿನ ಸಾರು, ಇಲ್ಲಾ ಚಪಾತಿ ಪಲ್ಯ, ಏನಿದ್ಯೋ ಅದು. ಹತ್ತಕ್ಕೆ ನಂದೂ ಅವಳದೂ ಎರಡೂ ಫೋನು ಹಾಲಲ್ಲಿ ಫ್ರಿಜ್ ಮೇಲೆ ಚಾರ್ಜಿಗೆ ಹೋಗುತ್ತೆ, ರೂಮೊಳಗೆ ಪ್ಲಗ್ ಪಾಯಿಂಟಿಗೆ ಟೇಪ್ ಸುತ್ತಿದ್ದೀನಿ. ಬೆಳಿಗ್ಗೆ ಏಳೋಕೆ ಚಿಕ್ಕಪೇಟೇಲಿ ಒಂದು ಅಲಾರಂ ಗಡಿಯಾರ ತಂದೆ, ಕೀ ಕೊಡೋದು, ಅದರ ಟಿಕ್ ಟಿಕ್ ಸದ್ದಿಗೆ ಮೊದಲ ವಾರ ನಿದ್ದೆ ಬರ್ತಿರ್ಲಿಲ್ಲ, ಈಗ ಆ ಸದ್ದು ಕೇಳದೇ ಇದ್ರೆ ಏನೋ ಕಳ್ಕೊಂಡಂಗಾಗುತ್ತೆ. ಮೆಟ್ರೋ ನೇರಳೆ ಮಾರ್ಗ 2023ರ ಅಕ್ಟೋಬರಲ್ಲಿ ವೈಟ್‌ಫೀಲ್ಡ್‌ವರೆಗೂ ಪೂರ್ತಿ ಆದ್ಮೇಲೆ ದಿನಾ ಒಂದು ಗಂಟೆಗೂ ಮೇಲೆ ರೈಲಲ್ಲೇ ಇರ್ತೀನಿ, ಆ ಟೈಮಲ್ಲಿ ಹಂಪಿನಗರದ ಲೈಬ್ರರಿ ಪುಸ್ತಕ. ರೀಲ್ಸ್ ತೆಗೆದುಹಾಕಿದೆ, ಯಾಕಂದ್ರೆ ಅದೂ ಇದೂ ಒಂದೇ ಗಲ್ಲಿ, ಇಲ್ಲಿ ಹೊಕ್ಕರೆ ಅಲ್ಲಿ ಹೊರಡ್ತೀವಿ. ಭಾನುವಾರ ಬೆಳಿಗ್ಗೆ ಮಗಳನ್ನ ಕರ್ಕೊಂಡು ಲಾಲ್‌ಬಾಗಿಗೆ ಹೋಗ್ತೀನಿ, ಆ ಬಂಡೆ ಮೇಲೆ ಅವಳು ಕೈ ಬಿಡಿಸ್ಕೊಂಡು ಓಡ್ತಾಳೆ, ನಾನು ಹಿಂದೆ. ಸಂಜೆ ಗೆಳೆಯರ ಜೊತೆ ಶಟಲ್, ಸೋತ್ರೂ ಗೆದ್ರೂ ಆಮೇಲೆ ಕಾಫಿ.

ಆಸೆ ಬರಲ್ವಾ ಅಂದ್ರೆ ಬರುತ್ತೆ. ಬಂದಾಗ ಅದರ ಜೊತೆ ಜಗಳ ಆಡ್ಬೇಡಿ, ಇಪ್ಪತ್ತು ನಿಮಿಷ ತಾಳ್ಕೊಳ್ಳಿ, ಅಲೆ ಥರ ಏರಿ ಇಳಿಯುತ್ತೆ ಅಂದ್ರು ಮೇಡಂ, ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ ಹಂಗೆ. ಎದ್ದು ಟೆರೇಸಿಗೆ ಹೋಗಿ ಕುಂಡಗಳಿಗೆ ನೀರು ಹಾಕ್ತೀನಿ. ಬಸಳೆ ಬಳ್ಳಿ ಈಗ ನೀರಿನ ಟ್ಯಾಂಕ್‌ವರೆಗೂ ಹಬ್ಬಿದೆ. ಈ ಒಂದೂವರೆ ವರ್ಷದಲ್ಲಿ ನಾಲ್ಕು ಸಲ ಜಾರಿದ್ದೀನಿ. ಆದ್ರೆ ಈಗ ಗೀಟು ಎಳೆಯಲ್ಲ, ಮೊದಲಿಂದ ಎಣಿಸಲ್ಲ, ಆವತ್ತು ಏನಾಗಿತ್ತು ಅಂತ ಡೈರೀಲಿ ಬರೆದು ಮಾರನೇ ದಿನ ಎಂಟೂವರೆಗೆ ಊಟಕ್ಕೆ ಕೂರ್ತೀನಿ. ಸಂಬಂಧದ ವಿಷ್ಯ ಮಾತ್ರ ನಿಧಾನ. ಅವಳ ನಂಬಿಕೆ ಒಂದೇ ದಿನದಲ್ಲಿ ವಾಪಸ್ ಬರಲಿಲ್ಲ, ಬರಬೇಕು ಅಂತ ಕೇಳೋ ಹಕ್ಕೂ ನಂಗಿಲ್ಲ.

ಸರ್ಕಾರ 2015ರಲ್ಲಿ 857 ಅಶ್ಲೀಲ ವೆಬ್‌ಸೈಟುಗಳನ್ನ ಬ್ಲಾಕ್ ಮಾಡೋಕೆ ಆದೇಶ ಕೊಟ್ಟಿತ್ತು, ಕೆಲವೇ ದಿನಕ್ಕೆ ಸಡಿಲ ಮಾಡ್ತು, 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಹೇಳಿದ್ ಮೇಲೆ ಮತ್ತೆ 827 ಬ್ಲಾಕ್ ಆಯ್ತು. ಬೇಡ ಅನ್ನಲ್ಲ, ಮಕ್ಕಳ ಕೈಗೆ ಸಿಗದಂಗೆ ತಡೆ ಇರ್ಲೇಬೇಕು, ನನ್ನ ಫೋನಲ್ಲೂ ಬ್ಲಾಕರ್ ಇದೆ, ಪಾಸ್‌ವರ್ಡ್ ಅವಳ ಹತ್ರ. ಆದ್ರೆ ಬಾಗಿಲು ಹಾಕಿದ ಮೇಲೆ ಒಳಗಿರೋನು ರಾತ್ರಿ ಹನ್ನೊಂದಕ್ಕೆ ಏನು ಮಾಡ್ತಾನೆ ಅಂತ ಯಾರೂ ಕೇಳಲ್ಲ. ಬಿಟಿಎಂ, ಮಾರತ್ತಹಳ್ಳಿ ಪಿಜಿಗಳಲ್ಲಿ ಊರು ಬಿಟ್ಟು ಬಂದು ಹತ್ತಡಿ ರೂಮಲ್ಲಿ ಒಬ್ಬೊಬ್ರೇ ಮಲಗೋ ಎಷ್ಟು ಹುಡುಗ್ರಿದಾರೆ, ಅವರಿಗೆ ಕೇಳೋಕೆ ಹೆಂಡತೀನೂ ಇಲ್ಲ, ಅಮ್ಮನೂ ದೂರ. ಹುಡುಗೀರಿಗೂ ಈ ಕಷ್ಟ ಇರುತ್ತೆ ಅಂದ್ರು ಮೇಡಂ, ಅವರಂತೂ ಬಾಯೇ ಬಿಡಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಈ ವಿಷ್ಯದಲ್ಲಿ ಇನ್ನೊಂದು ಲೇಖನ ಬರ್ಸೋದಾದ್ರೆ ಒಬ್ಬ ಮನೋವೈದ್ಯರ ಕೈಲಿ ಬರ್ಸಿ, ಊಟ ನಿದ್ದೆ ಆಟ ಗೆಳೆತನದ ಬಗ್ಗೆ ಬರ್ಸಿ. ಅದಾಗೋವರೆಗೆ ದಿನಾ ಚಿನ್ನದ ರೇಟು ಹಾಕೋ ಬಾಕ್ಸ್ ಕೆಳಗೆ ಒಂದು ಸಾಲು ಜಾಗ ಬಿಟ್ಟು 14416 ಅಂತ ಹಾಕಿ, ಕನ್ನಡದಲ್ಲಿ ಮಾತಾಡ್ತಾರೆ ಅಂತಾನೂ ಹಾಕಿ.

ನನ್ನ ಹೆಸರು ಮಾತ್ರ ಹಾಕ್ಬೇಡಿ. ಮಗಳು ಇನ್ನೆರಡು ವರ್ಷದಲ್ಲಿ ಓದೋಕೆ ಕಲೀತಾಳೆ, ಅವಳಿಗೆ ಇದನ್ನ ದೊಡ್ಡವಳಾದ ಮೇಲೆ ನಾನೇ ಹೇಳ್ಬೇಕು ಅಂತಿದೆ.

ಇಂತಿ,
ನಿಮ್ಮ ಓದುಗ
ವಿಜಯನಗರ, ಬೆಂಗಳೂರು