ಶ್ರೀರಂಗಪಟ್ಟಣದ ಶಾಸಕರಿಗೆ: ರಿಪೇರಿಗೆ ಮುಂಚೆ ಆ ಗೋರಿಗಳನ್ನು ಓದಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಕಾವೇರಿ ದಡದ ಗ್ಯಾರಿಸನ್ ಸ್ಮಶಾನದ, ಅಂದರೆ ಇಂಗ್ಲಿಷ್ ದಂಡಿನವರನ್ನು ಹೂಳಿದ ಜಾಗದ, ಬಗ್ಗೆ ಈ ಪತ್ರ. ಪಟ್ಟಣಕ್ಕೆ ಬಂದವರು ರಂಗನಾಥನ ದರ್ಶನ ಮಾಡಿ, ದರಿಯಾ ದೌಲತ್, ಗುಂಬಜ್ ನೋಡಿಕೊಂಡು ಸಂಗಮದ ಕಡೆ ಹೊರಟುಬಿಡುತ್ತಾರೆ. ಹೆದ್ದಾರಿಗೆ ಇಷ್ಟು ಹತ್ತಿರ ಸುಮಾರು 300 ಗೋರಿಗಳಿವೆ ಎಂಬುದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ನಾನೂ ಎಷ್ಟೋ ವರ್ಷ ಹಾಗೇ ಹಾದುಹೋದವನು.

ಒಳಗೆ ಕಾಲಿಟ್ಟ ದಿನ ನನ್ನನ್ನು ತಬ್ಬಿಬ್ಬು ಮಾಡಿದ್ದು ಅಲ್ಲಿನ ಹೆಸರುಗಳು. 1799ರ ಮೇ 4ರಂದು ಕೋಟೆಗೆ ನುಗ್ಗಿದ್ದು ಇಂಗ್ಲಿಷರ ಸೇನೆ. ಫ್ರೆಂಚರ ನೆರವಿಗೆ ಕೈಚಾಚಿದ್ದವನು ಟಿಪ್ಪು. ಹೀಗಿರುವಾಗ ಗೆದ್ದವರ ಸ್ಮಶಾನದಲ್ಲಿ ಫ್ರೆಂಚ್ ಹೆಸರುಗಳೇಕೆ?

ಉತ್ತರ ಹುಡುಕುತ್ತಾ ಹೋದರೆ ಅದೊಂದು ದೊಡ್ಡ ಕಥೆ. ಆ ಹೆಸರುಗಳು ದ ಮ್ಯೂರೋನ್ ರೆಜಿಮೆಂಟಿನವರದ್ದು. ನ್ಯೂಶಾಟೆಲ್ ಎಂಬ ಊರಿನ ಶಾರ್ಲ್ ದಾನಿಯೆಲ್ ದ ಮ್ಯೂರೋನ್ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ಬಾಡಿಗೆ ಪಡೆ ಅದು. ಆ ಊರಿನ ಮಾತು ಫ್ರೆಂಚು, ಆಗ ಅದನ್ನು ಆಳುತ್ತಿದ್ದವನು ಪ್ರಷ್ಯದ ದೊರೆ. ಸ್ವಿಸ್ ಒಕ್ಕೂಟಕ್ಕೆ ಅದು ಸೇರಿದ್ದು 1815ರಲ್ಲಿ. ಪಡೆ ಆಫ್ರಿಕದ ಕೇಪ್‌ನಲ್ಲಿದ್ದು ಆಮೇಲೆ ಸಿಂಹಳಕ್ಕೆ ಬಂತು. 1795ರಲ್ಲಿ ಅಲ್ಲಿಯೇ ಡಚ್ಚರನ್ನು ಬಿಟ್ಟು ಇಂಗ್ಲಿಷರ ಸಂಬಳಕ್ಕೆ ಹೋಯಿತು. ನಾಲ್ಕೇ ವರ್ಷಕ್ಕೆ ನಮ್ಮ ಕೋಟೆಯ ಮುಂದೆ ನಿಂತಿತ್ತು. ಮುಂದೆ 1813ರಲ್ಲಿ ಕೆನಡಾಕ್ಕೆ ಸಾಗಿ, 1816ರಲ್ಲಿ ವಿಸರ್ಜನೆಯಾಯಿತು. ಯಾರದ್ದೋ ದೊರೆತನ, ಯಾರದ್ದೋ ಸಂಬಳ, ಕೊನೆಗೆ ಮಣ್ಣು ಮಾತ್ರ ಕಾವೇರಿಯದು. ನನಗೆ ಅವರ ಮೇಲೆ ಮೆಚ್ಚುಗೆಯೇನಿಲ್ಲ, ನಮ್ಮ ಮೇಲೆ ದಂಡೆತ್ತಿ ಬಂದವರೇ ಅವರು. ಆದರೂ ಈ ಊರಿನ ಕಥೆಯಲ್ಲಿ ಅವರಿಗೂ ಒಂದು ಪುಟ ಇದೆ, ಅದು ಕಲ್ಲಿನ ಮೇಲೆ ಇದೆ.

ಎರಡನೆಯ ಒಗಟು ಇಸವಿಗಳದ್ದು. ಎಲ್ಲರೂ 1799ರ ಕದನದಲ್ಲೇ ಸತ್ತವರು ಅಂದುಕೊಂಡಿದ್ದೆ. ಆದರೆ ಯುದ್ಧ ಮುಗಿದ ಎಷ್ಟೋ ಕಾಲದ ಮೇಲಿನ ಇಸವಿಗಳೂ ಕಾಣುತ್ತವೆ. ಸೈನಿಕರಷ್ಟೇ ಅಲ್ಲ, ಅವರ ಮನೆಯವರೂ ಅಲ್ಲಿ ಮಲಗಿದ್ದಾರೆ. ಯುದ್ಧವಾದ ಮೇಲೂ ಈ ದ್ವೀಪದಲ್ಲಿ ಜ್ವರ ಜನರನ್ನು ಬಿಡಲಿಲ್ಲ. ಅದರ ಕಾಟ ತಾಳಲಾರದೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದಕ್ಕೆ ಶ್ರೀರಂಗಪಟ್ಟಣದ ಸೊಳ್ಳೆಯೂ ಒಂದು ಕಾರಣ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಪುರಾವೆ ಕಂಡದ್ದು 1897ರಲ್ಲಿ. ಈ ಗೋರಿಗಳನ್ನು ಕಟ್ಟಿದವರಿಗೆ ಅದು ಗೊತ್ತಿರಲಿಲ್ಲ. ಕೆಟ್ಟ ಗಾಳಿ ಅಂದುಕೊಂಡಿದ್ದರು.

ಕಳೆದ ಸಲ ಹೋದಾಗ ಒಂದು ಕಲ್ಲಿನ ಮುಂದೆ ಬಹಳ ಹೊತ್ತು ಕೂತೆ. ನಡು ಬಿಸಿಲಲ್ಲಿ ಅದು ಬರೀ ಬೋಳು ಚಪ್ಪಡಿ. ಚೀಲದಿಂದ ಸ್ಟೀಲ್ ತಟ್ಟೆ ತೆಗೆದು, ಬಿಸಿಲು ಕಲ್ಲಿನ ಮೈಗೆ ಪಕ್ಕದಿಂದ ಸವರಿಕೊಂಡು ಬೀಳುವ ಹಾಗೆ ಹಿಡಿದೆ. ಸವೆದ ಅಕ್ಷರಗಳ ಅಂಚಿನಲ್ಲಿ ನೆರಳು ಎದ್ದಿತು. ಎರಡು ಸಾಲು ಕಂಡವು, ಮೂರನೆಯದು ಅರ್ಧ. ಸಾಲಿನ ಕೊನೆಗೆ ಜಾಗ ಸಾಲದೆ ಕೆತ್ತಿದವನು ಅಕ್ಷರಗಳನ್ನು ಒತ್ತೊತ್ತಾಗಿ ತುರುಕಿದ್ದ. ಅವನಿಗೆ ಆ ಲಿಪಿ ಬರುತ್ತಿತ್ತೋ, ಚೀಟಿ ನೋಡಿ ಗೆರೆಗೆ ಗೆರೆ ಇಳಿಸಿದನೋ? ಪಕ್ಕದ ಗೋರಿಯಲ್ಲಿ ಫಲಕ ಕೂರಿಸಿದ್ದ ಗುಳಿ ಮಾತ್ರ ಉಳಿದಿದೆ. ಅದನ್ನು ಇನ್ನು ಯಾವ ತಟ್ಟೆ ಹಿಡಿದರೂ ಓದಲಾಗದು.

ನನ್ನ ಕೋರಿಕೆ ಇಷ್ಟೆ: ಮೊದಲು ಓದಿಸಿ, ಆಮೇಲೆ ರಿಪೇರಿ. ದ ಮ್ಯೂರೋನ್ ಮನೆತನದವರು ದೂರದಿಂದ ಬಂದು ಈ ಸ್ಮಶಾನದ ದುರಸ್ತಿಗೆ ನೆರವಾಗಿದ್ದಾರೆ, ಅದು ಸಂತೋಷ. ಓದಿ ದಾಖಲಿಸುವ ಕೆಲಸವಾದರೂ ನಾವು ಮಾಡೋಣ. ಶಾಸನ ಸಂಶೋಧಕ ಬಿ.ಎಲ್. ರೈಸ್ ತಾಲ್ಲೂಕು ತಾಲ್ಲೂಕಿನ ಶಾಸನಗಳನ್ನು ಪ್ರತಿ ಮಾಡಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದದ್ದರಿಂದಲೇ, ಆಮೇಲೆ ಒಡೆದುಹೋದ ಕಲ್ಲಿನ ಮಾತೂ ನಮಗೆ ಉಳಿದಿದೆ. ಅದೇ ಕ್ರಮ ಇಲ್ಲಿಗೂ ಸಾಕು. ಪ್ರತಿ ಗೋರಿಗೆ ಒಂದು ಸಂಖ್ಯೆ, ಬೆಳಗ್ಗೆ ಮತ್ತು ಸಂಜೆಯ ಓರೆ ಬಿಸಿಲಲ್ಲಿ ತೆಗೆದ ಫೋಟೊ, ಕಾಣುವ ಅಕ್ಷರ ಕಂಡ ಹಾಗೆ, ಕಾಣದ ಕಡೆ ಚುಕ್ಕಿ. ಊಹೆಯಿಂದ ತುಂಬುವುದು ಬೇಡ. ಇತಿಹಾಸ ಓದುವ ಕಾಲೇಜು ಮಕ್ಕಳು, ಜೊತೆಗೆ ಶಾಸನ ಬಲ್ಲವರೊಬ್ಬರು ಇದ್ದರೆ ಆಗುವ ಕೆಲಸ.

ರಿಪೇರಿಯ ಬಗ್ಗೆ ಒಂದೇ ಮಾತು: ದಯವಿಟ್ಟು ಸಿಮೆಂಟ್ ಬೇಡ. ಹಳೆಯ ಇಟ್ಟಿಗೆಯೊಳಗಿನ ತೇವ ಸುಣ್ಣದ ಗಾರೆಯ ಮೂಲಕ ಆರುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು, ಉಪ್ಪು ಕಟ್ಟಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ. ಅಕ್ಷರದ ಕಲ್ಲಿಗೆ ಆ್ಯಸಿಡ್, ತಂತಿ ಬ್ರಶ್ ಎರಡೂ ತಗಲಬಾರದು.

ಬಾಗಿಲ ಹತ್ತಿರ ಕನ್ನಡದಲ್ಲೊಂದು ಫಲಕವೂ ಬೇಕು. ಯಾರು ಇವರು, ಎಲ್ಲಿಂದ ಬಂದರು, ಯಾಕೆ ಇಲ್ಲಿ ಸತ್ತರು ಎಂದು ಶಾಲೆಯ ಮಗು ಓದಿಕೊಳ್ಳುವಂತಿರಲಿ. ವೀರಗಲ್ಲಾದರೆ ಅಕ್ಷರ ಬಾರದವನಿಗೂ ಅರ್ಥವಾಗುತ್ತದೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಇಲ್ಲಿ ಅಂಥ ಚಿತ್ರವಿಲ್ಲ. ಅಕ್ಷರ ಹೋದರೆ ಎಲ್ಲವೂ ಹೋಯಿತು.

ಮುಂದಿನ ಮಳೆಗಾಲದೊಳಗೆ ಒಂದು ಬೆಳಗ್ಗೆ, ಏಳು ಗಂಟೆಯ ಬಿಸಿಲಿಗೆ, ತಾವೇ ಒಮ್ಮೆ ಬನ್ನಿ. ನಾನು ತಟ್ಟೆ ತರುತ್ತೇನೆ.

ಇಂತಿ ವಂದನೆಗಳೊಂದಿಗೆ,
ಹಳೆಯ ಕಲ್ಲುಗಳನ್ನು ಓದುವ ಒಬ್ಬ ನಾಗರಿಕ